ಹನ್ನೆರಡು ಗಾಣ ಮತ್ತು ‘ಆತು’ ಎಂಬ ಮಾತು

ಎಂಬತ್ತರ ದಶಕದ ನಡುವಿನ ಒಂದು ವರ್ಷ, ದೀಪಾವಳಿ ಮುಗಿದು ಕಬ್ಬು ಕಡಿಯಲು ಸುರುವಾಗಿದ್ದ ಹೊತ್ತಿನಲ್ಲಿ, ನನಗೆ ಹನ್ನೆರಡು ಗಾಣಗಳ ಆರ್ಡರ್ ಬಂತು. ಮೂರು ರೋಲರಿನ, ಡೀಸೆಲ್ ಎಂಜಿನ್ನಿಗೆ ಬೆಲ್ಟು ಹಾಕಿ ಓಡಿಸುವ ಗಾಣ. ಅಲ್ಲಿಯವರೆಗೆ ಚಿಕ್ಕೋಡಿಯ ನನ್ನ ವರ್ಕ್‌ಶಾಪಿನಿಂದ ಹೊರಟ ಮಾಲು ರಾಯಬಾಗಕ್ಕೆ ಹೋಗಿತ್ತು, ಬಹಳ ದೂರ ಅಂದರೆ ಕೃಷ್ಣೆ ದಾಟಿ ಅಥಣಿಗೆ. ಇವು ಸಮುದ್ರ ದಾಟಬೇಕಿತ್ತು. ಆಫ್ರಿಕಾದ ಎರಡು ನೆರೆಹೊರೆ ದೇಶಗಳಿಗೆ, ತಲಾ ಆರು.

ಆ ದೇಶಗಳ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರು ಒಂದಕ್ಕೆ ಶಾಬ್ಬಾಸ್, ಇನ್ನೊಂದಕ್ಕೆ ಛೀ ಅಂದು ಮುಂದಿನದನ್ನು ಓದುವುದೇ ಇಲ್ಲ. ನಡುವೆ ಒಂದು ನದಿ, ಎರಡೂ ದಂಡೆಯ ಮೇಲೆ ಒಂದೇ ಮಾತಿನ ಜನ. ಇಬ್ಬರನ್ನೂ ನಮ್ಮನ್ನಾಳಿದವರೇ ಆಳಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಿಟ್ಟು ಹೋಗಿದ್ದರು. ಇಪ್ಪತ್ತು ವರ್ಷದಲ್ಲಿ ಒಂದು ದೇಶ ನೆಟ್ಟಗೆ ನಿಂತಿತು, ಇನ್ನೊಂದು ಮುಗ್ಗರಿಸಿತು ಅಂತ ಆರ್ಡರ್ ತಂದ ಮುಂಬಯಿ ಏಜೆಂಟ್ ಹೇಳಿದ. ಯಾಕೆ ಅಂತ ಕೇಳಿದೆ. “ಅದೆಲ್ಲ ನಿಮಗ್ಯಾಕೆ, ಎರಡೂ ಕಡೆಯವರಿಗೆ ಒಂದೇ ದರ” ಅಂದ. ಆಗ ನನಗೂ ಅದೇ ಸರಿ ಅನಿಸಿತ್ತು.

ಚೌಕಾಸಿಯಲ್ಲಿ ನಾನು ದರಕ್ಕಿಂತ ಒಂದು ಕರಾರನ್ನು ಗಟ್ಟಿಯಾಗಿ ಹಿಡಿದೆ. ಎರಡೂ ದೇಶದವರು ತಲಾ ಒಬ್ಬರನ್ನು ಇಲ್ಲಿಗೇ ಕಳಿಸಬೇಕು, ಅವರು ಮಾಲು ನೋಡಿ ಇಲ್ಲೇ ಸಹಿ ಹಾಕಬೇಕು, ಹಡಗು ಹತ್ತಿದ ಮೇಲೆ ತಕರಾರು ನಡೆಯದು. ಹೊಸದಾಗಿ ಧಂದೆಗೆ ಇಳಿಯುವವರಿಗೆ ಇವತ್ತಿಗೂ ಇದನ್ನೇ ಹೇಳುತ್ತೇನೆ: ದರದಲ್ಲಿ ಸೋತರೂ ಸೋಲಿ, ಸಹಿ ಎಲ್ಲಿ ಬೀಳುತ್ತದೆ ಅನ್ನುವುದರಲ್ಲಿ ಸೋಲಬೇಡಿ. ಆದರೆ ಸಹಿ ಹಾಕುವವನಿಗೆ ನೋಡುವ ಅಧಿಕಾರವೂ ಇದೆಯೋ ಇಲ್ಲವೋ ಕೇಳಿಕೊಳ್ಳಿ. ನಾನು ಅದನ್ನು ಕೇಳಲಿಲ್ಲ.

ಇಬ್ಬರೂ ಒಂದೇ ವಾರ ಬಂದಿಳಿದರು. ನೆಟ್ಟಗೆ ನಿಂತ ದೇಶದಿಂದ ಒಬ್ಬ ಹೆಣ್ಣುಮಗಳು, ಕೃಷಿ ಇಂಜಿನಿಯರ್. ನಮ್ಮ ಹುಡುಗರು ಮೊದಲ ದಿನವೇ ‘ಬಾಯಾರ’, ಅಂದರೆ ಅಮ್ಮಾವ್ರು, ಅಂತ ಕರೆಯತೊಡಗಿದರು. ಇನ್ನೊಂದು ದೇಶದಿಂದ ಮಂತ್ರಾಲಯದ ಅಧಿಕಾರಿ. ಎತ್ತರದ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ, ಕಂಕುಳಲ್ಲಿ ಸದಾ ಒಂದು ಫೈಲು. ಇಂಜಿನಿಯರಿಂಗ್ ಅವನೂ ಓದಿದ್ದ, ಅವಳಿಗಿಂತ ಹೆಚ್ಚೇ ಓದಿದ್ದ. ಇಬ್ಬರೂ ತಮ್ಮ ತಮ್ಮಲ್ಲಿ ತಮ್ಮ ಭಾಷೆಯಲ್ಲಿ ಹರಟುತ್ತಿದ್ದರು. ನನ್ನೊಡನೆ ಇಂಗ್ಲಿಷ್. ನನ್ನ ಇಂಗ್ಲಿಷು ಬೇರಿಂಗ್ ಕಂಪನಿಗಳಿಗೆ ಜಗಳದ ಪತ್ರ ಬರೆದು ಬರೆದು ಕಲಿತದ್ದು. ವರ್ಕ್‌ಶಾಪಿನಲ್ಲಿ ದುಭಾಷಿ ಅಂದರೂ ನಾನೇ.

ಕೆಲಸ ಹೀಗಿತ್ತು. ರೋಲರುಗಳ ಎರಕ ಗಡಿಯಾಚೆ, ಮಹಾರಾಷ್ಟ್ರದ ಒಂದು ಫೌಂಡ್ರಿಯಲ್ಲಿ. ಅಲ್ಲಿಂದ ಬಂದ ಕಚ್ಚಾ ರೋಲರನ್ನು ನಮ್ಮ ಲೇಥಿನ ಮೇಲೆ ತಿರುವಿ, ಗೆರೆ ಕೊರೆದು, ನಡುವೆ ಶಾಫ್ಟ್ ಕೂಡಿಸಿ, ಹಿತ್ತಾಳೆಯ ಬುಶ್ ಹಾಕಿ, ಗೇರು ಹೊಂದಿಸುವುದು. ಒಂದು ಗಾಣಕ್ಕೆ ಮೂರು ರೋಲರು. ಎರಕದಲ್ಲಿ ಗಾಳಿ ಸಿಕ್ಕಿಕೊಂಡರೆ ಒಳಗೆ ತೂತು ಉಳಿಯುತ್ತದೆ. ಅಂಥ ರೋಲರು ಒಂದು ಸುಗ್ಗಿ ನಡೆದು ಎರಡನೆಯದಕ್ಕೆ ಸೀಳುತ್ತದೆ. ಕೆಲವು ಫೌಂಡ್ರಿಯವರು ಆ ತೂತಿಗೆ ಅರಗು ಮತ್ತು ಕಬ್ಬಿಣದ ಪುಡಿ ಕಲಸಿ ತುಂಬಿ, ಉಜ್ಜಿ, ಹೊಳಪು ಕೊಟ್ಟು ಕಳಿಸುವುದುಂಟು. ಕಣ್ಣಿಗೆ ಕಾಣುವುದಿಲ್ಲ.

ಅದನ್ನು ಹಿಡಿಯುವ ಉಪಾಯ ನಮ್ಮ ಮಿಸ್ತ್ರಿ ಕಾಕಾ ಬಾಯಾರಿಗೆ ತೋರಿಸಿದರು. ರೋಲರಿಗೆ ಚಿಮಣಿ ಎಣ್ಣೆ ಸವರಿ, ಗಂಟೆ ಬಿಟ್ಟು ಒರೆಸಿ, ಮೇಲೆ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಹಚ್ಚುವುದು. ತೂತಿದ್ದಲ್ಲಿ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕಲೆ ಮೂಡುತ್ತದೆ. ಬಾಯಾರು ಅದನ್ನು ಒಮ್ಮೆ ನೋಡಿದ್ದೇ ತಡ, ಮರುದಿನ ಎಣ್ಣೆಯ ಡಬ್ಬಿ, ಖಡು ಹಿಡಿದುಕೊಂಡು ಫೌಂಡ್ರಿಗೇ ಹೊರಟಳು. ಅವಳ ಪಾಲಿನ ಹದಿನೆಂಟು ರೋಲರುಗಳಲ್ಲಿ ಐದನ್ನು ಅಲ್ಲೇ ಬದಿಗೆ ಸರಿಸಿ, ಮತ್ತೆ ಎರಕ ಹೊಯ್ಯಿಸಿದಳು. ಎಲ್ಲ ಬೋಲ್ಟುಗಳೂ ಒಂದೇ ಅಳತೆಯವಿರಲಿ, ನಮ್ಮ ಹಳ್ಳಿಯಲ್ಲಿ ಒಂದೇ ಪಾನಾ ಇರುತ್ತದೆ ಅಂತ ಡ್ರಾಯಿಂಗನ್ನೇ ತಿದ್ದಿಸಿದಳು. “ಕೇಳಿ ತಿದ್ದುವುದು ಬೇಡವೆ?” ಅಂದೆ. “ಯಾರನ್ನು? ನನ್ನನ್ನು ಕಳಿಸಿದ್ದೇ ಅದಕ್ಕೆ” ಅಂದಳು.

ಅಧಿಕಾರಿಯನ್ನೂ ಫೌಂಡ್ರಿಗೆ ಕರೆದೆ. ಅವನು ಫೈಲು ತೆರೆದು ತನ್ನ ಪ್ರವಾಸದ ಆದೇಶ ತೋರಿಸಿದ. ಅದರಲ್ಲಿ ‘ಚಿಕ್ಕೋಡಿ, ಕರ್ನಾಟಕ ರಾಜ್ಯ’ ಅಂತ ಇತ್ತು. ಫೌಂಡ್ರಿ ಮಹಾರಾಷ್ಟ್ರದಲ್ಲಿದೆ.

“ಅದು ಬೇರೆ ದೇಶವಲ್ಲ ಸಾಹೇಬರೇ. ನಮ್ಮ ಮಂದಿ ಚಹಾ ಕುಡಿಯಲು ಆಕಡೆ ಹೋಗಿ ಬರುತ್ತಾರೆ.”

“ಗೊತ್ತು. ಆದರೆ ಆದೇಶದಲ್ಲಿಲ್ಲ. ಅಪ್ಪಣೆ ಕೇಳಿ ಬರೆಯುತ್ತೇನೆ.”

ಬರೆದ. ಉತ್ತರ ಬರಲೇ ಇಲ್ಲ. ಇಪ್ಪತ್ತು ಮೈಲಿಯ ದಾರಿಗೆ ಸಮುದ್ರದಾಚೆಯ ಅಪ್ಪಣೆ ಕಾಯುತ್ತ ಅವನು ನನ್ನ ವರ್ಕ್‌ಶಾಪಿನ ಕುರ್ಚಿಯ ಮೇಲೆ ಕುಳಿತ. ದಿನಾ ಸಂಜೆ ನಾಲ್ಕಕ್ಕೆ ಲೇಥಿನ ಬಳಿ ಬಂದು ಕೇಳುವನು: “ಎಷ್ಟು ಆಯಿತು?”

ನಾನು ಕಾಕಾಗೆ ಕೇಳುವೆ. ಕಾಕಾ ಲೇಥಿನಿಂದ ತಲೆ ಎತ್ತದೆ, “ಆತ್ರಿ, ಆತು. ಆರೂ ಆದ್ವು ತಿಳೀರಿ” ಅನ್ನುವರು.

ನಾನು ಇಂಗ್ಲಿಷಿನಲ್ಲಿ, “ಡನ್ ಸಾರ್. ಆಲ್ ಸಿಕ್ಸ್ ಡನ್” ಅನ್ನುವೆ. ಅವನು ಫೈಲಿನಲ್ಲಿ ಬರೆದುಕೊಳ್ಳುವನು.

ಖರೆ ಸ್ಥಿತಿ ಏನೆಂದರೆ, ಅವನ ಪಾಲಿನ ಎರಕ ಬಂದು ಬಿದ್ದಿತ್ತು, ಲೇಥಿನ ಮೇಲೆ ಮೊದಲು ಬಾಯಾರ ರೋಲರುಗಳೇ ಏರುತ್ತಿದ್ದವು, ಅದರಲ್ಲೂ ಲೇಥ್ ಅರ್ಧ ದಿನ ಕರೆಂಟಿಲ್ಲದೆ ನಿಂತಿರುತ್ತಿತ್ತು, ಆರರಲ್ಲಿ ಒಂದು ಗಾಣವೂ ಕೂಡಿರಲಿಲ್ಲ. ಆದರೆ ಕಾಕಾ ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಕಡೆ ‘ಬಂದೆ ಬಂದೆ’ ಅಂದವನು ಇನ್ನೂ ಮನೆಯೊಳಗೆ ಚಪ್ಪಲಿ ಹುಡುಕುತ್ತಿರುತ್ತಾನೆ. ‘ಎಲಿ ಹಾಕೀನಿ’ ಅಂತ ಹೆಂಡತಿ ಕೂಗಿದಾಗ ಒಲೆಯ ಮೇಲೆ ಎಸರು ಕುದಿಯುತ್ತಿರುತ್ತದೆ. ‘ಆತು’ ಅಂದರೆ ಒಪ್ಪಿದೆ, ಕೇಳಿಸಿತು, ಮನಸ್ಸಿದೆ, ಮಾಡುತ್ತೇನೆ, ನೀವಿನ್ನು ಚಿಂತೆ ಬಿಡಿ. ಹುಟ್ಟಿದಾಗಿನಿಂದ ಆಡಿದ ಮಾತು, ಅದು ಭೂತಕಾಲ ಅನ್ನುವುದೇ ಮರೆತುಹೋಗಿತ್ತು. ನಾನು ಅದನ್ನು ಅನುವಾದಿಸಿದ್ದೂ ಆ ಮರೆವಿನಲ್ಲೇ.

ಆರನೆಯ ವಾರ ಮುಂಬಯಿಯಿಂದ ಏಜೆಂಟನ ತಾರು ಬಂತು. ಅಧಿಕಾರಿಯ ಆರು ಗಾಣಗಳಿಗೆ ಹಡಗಿನಲ್ಲಿ ಜಾಗ ಹಿಡಿದಾಗಿದೆ, ಹತ್ತು ದಿನದಲ್ಲಿ ಮಾಲು ಬಂದರಿನಲ್ಲಿರಬೇಕು. ನಾನು ತಾರು ಹಿಡಿದುಕೊಂಡು ಅಧಿಕಾರಿಯ ಮುಂದೆ ನಿಂತೆ.

“ಇದನ್ನು ಯಾರು ಹೇಳಿದರು, ಮಾಲು ತಯಾರಾಗಿದೆ ಅಂತ?”

“ನೀವು.” ಫೈಲು ತೆರೆದು ತೋರಿಸಿದ. ಪ್ರತಿ ತಾರೀಖಿನ ಎದುರಿಗೂ ‘ಪೂರ್ಣ’. ಐದು ಸಲ ತನ್ನ ರಾಜಧಾನಿಗೆ ತಂತಿಯನ್ನೂ ಕಳಿಸಿದ್ದ.

“ಎದುರಿಗೆ ಕಾಣುತ್ತಿರಲಿಲ್ಲವೇ ಸಾಹೇಬರೇ? ನೀವು ಇಂಜಿನಿಯರ್ ಓದಿದವರು.”

ಅವನು ಫೈಲು ಮುಚ್ಚಿದ. “ಕಾಣುತ್ತಿತ್ತು. ತಯಾರಕರು ಆಗಿದೆ ಅಂತ ಹೇಳಿದರು ಅಂತ ಬರೆದರೆ ನನ್ನ ಮೇಲೆ ಏನೂ ಬರುವುದಿಲ್ಲ. ಆಗಿಲ್ಲ ಅಂತ ಬರೆದರೆ ಬರುತ್ತದೆ.”

ನನಗೆ ಸಿಟ್ಟು ಬಂತು, ಅವನ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಅವನ ಮೇಲೆ ಹಾಕಲಾಗದ್ದನ್ನು ಕಾಕಾರ ಮೇಲೆ ಹಾಕಿದೆ.

“ಏನ್ರಿ ಕಾಕಾ, ದಿನಾ ಆತು ಆತು ಅಂದ್ರಲ್ಲ, ಎಲ್ಲಿ ಆಗ್ಯಾವು ತೋರಸ್ರಿ.”

“ಆತು ಅಂದ್ರ ಆದಂಗೇನ್ರಿ ಮಾಲಕ್ರ? ಆತು ಅಂದ್ರ ಆಕ್ಕಾವು ಅಂತ. ನೀವ ಹುಟ್ಟಿದ್ದು ಯಾವ ಊರಾಗ?”

“ಅವ್ರಿಗೆ ಹೆಂಗ ತಿಳೀಬೇಕು ಅದು?”

“ಅದನ್ನ ತಿಳಿಸ್ಲಿಕ್ಕೆ ನೀವ ಇದ್ರಲ್ಲ. ನನಗ ಇಂಗ್ಲಿಷ್ ಬರ್ತಿದ್ರ ನಾ ಲೇಥ್ ಯಾಕ ತಿರವತಿದ್ನಿ.”

ಲೇಥಿನ ಆಚೆಯಿಂದ ಯಾರೋ ನಕ್ಕರು. ನಾನು ನಗಲಿಲ್ಲ.

ಅಷ್ಟೇ ಆಗಿದ್ದರೆ ಹಗಲಿರುಳು ದುಡಿದು ದಾಟಿಸಬಹುದಿತ್ತು. ಕಾಕಾ ಅವನ ರೋಲರುಗಳಿಗೆ ಎಣ್ಣೆ ಸವರಿ ಖಡು ಹಚ್ಚಿದರು. ಹದಿನೆಂಟರಲ್ಲಿ ಒಂಬತ್ತು ಕಲೆ ಬಿಟ್ಟವು. ಯಾರೂ ಹೋಗಿ ನೋಡದ ಲಾಟಿಗೆ ಫೌಂಡ್ರಿಯವರು ಅರಗು ತುಂಬಿ ಕಳಿಸಿದ್ದರು. ಮರುಎರಕ ಹೊಯ್ದು, ತಣಿಸಿ, ತಿರುವಿ, ಆರೂ ಗಾಣ ಕೂಡಿಸಲು ತಿಂಗಳು ಬೇಕು.

ನಾನು ವ್ಯಾಪಾರಸ್ಥ. ಮೊದಲು ಹೊಳೆದದ್ದು ಅಡ್ಡದಾರಿಯೇ. ಬಾಯಾರ ಆರು ಗಾಣ ತಯಾರಾಗಿ ನಿಂತಿದ್ದವು, ಅವಳ ಹಡಗು ಇನ್ನೂ ಐದು ವಾರದ ಮೇಲೆ. ಅವಳವನ್ನು ಇವನ ಪೆಟ್ಟಿಗೆಗೆ ಹಾಕಿ, ಇವನವನ್ನು ಸರಿಮಾಡಿ ಆಮೇಲೆ ಅವಳಿಗೆ ಕೊಟ್ಟರೆ ಯಾರ ಕೂದಲೂ ಕೊಂಕುವುದಿಲ್ಲ. ಅವಳಿಗೆ ಗಡಿಯ ಈಚೆ, ಕರ್ನಾಟಕದಲ್ಲೇ ಇರುವ ಶಿರಗುಪ್ಪಿಯ ಒಬ್ಬ ರೈತನ ಹೊಲದಲ್ಲಿ ತನ್ನ ಒಂದು ಗಾಣ ಓಡಿಸಿ ನೋಡುವುದಿತ್ತು. ಅಲ್ಲೇ ಮಾತು ತೆಗೆಯೋಣ ಅಂತ ಇಬ್ಬರನ್ನೂ ಜೀಪಿನಲ್ಲಿ ಹತ್ತಿಸಿಕೊಂಡು ಹೋದೆ.

ಶಿರಗುಪ್ಪಿಯ ಆ ಜೈನ ರೈತ ನನ್ನ ಹಳೆಯ ಗಿರಾಕಿ. ನನ್ನನ್ನು ‘ಅಣ್ಣಾ’ ಅನ್ನುವವನು, ನಾನು ಅವನಿಗೆ ‘ದಾದಾ’. ಅವನ ಕಬ್ಬು ಎರಡು ರಾಜ್ಯದಲ್ಲಿ ಬೆಳೆಯುತ್ತಿತ್ತು, ಗಡಿಕಲ್ಲು ಹೊಲದ ಬದುವಿನ ಮೇಲೇ. ಗಾಣ ಕೂಡಿಸಿ ಬೆಲ್ಟು ಹಾಕಿದೆವು. ಬಾಯಾರು ಹಿಂಡಿದ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿದಳು, ಅಂಗೈ ಒದ್ದೆಯಾಗಲಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಬೆಂಡಿ ಗಿಡ ಜಜ್ಜಿ ನೆನೆಸಿದ ಲೋಳೆ ಹಾಕಿದಾಗ ಹೊಲಸೆಲ್ಲ ನೊರೆಯಾಗಿ ಮೇಲೆ ಬಂದದ್ದನ್ನು ಅಧಿಕಾರಿ ಬಗ್ಗಿ ನೋಡಿದ. ಇಷ್ಟು ದಿನದಲ್ಲಿ ಮೊದಲ ಸಲ ಅವನ ಫೈಲು ಕೈಯಲ್ಲಿರಲಿಲ್ಲ. ನೀರಲ್ಲಿ ಪಾಕದ ಹನಿ ಬಿಟ್ಟು ಗೋಲಿ ಕಟ್ಟುತ್ತದೆಯೇ ನೋಡುವುದನ್ನು ತಾನೇ ಮಾಡಿದ. ಮೂರನೆಯ ಸಲಕ್ಕೆ ಹದ ಸರಿಯಾಗಿ ಹೇಳಿದ. ಪಾಕ ಇಳಿಸುವವನು, “ಇವ್ರನ್ನ ಇಲ್ಲೇ ಬಿಟ್ಟ ಹೋಗ್ರಿ” ಅಂದ.

ಬಿಸಿ ಬೆಲ್ಲ ತಿನ್ನುತ್ತ ಕುಳಿತಾಗ ದಾದಾ ಕೇಳಿದ, “ಏನಣ್ಣಾ, ಇಬ್ರೂ ಒಂದ ಮಂದಿ ಅಂತಿ. ಇವ್ರ ದೇಶ ನೆಟ್ಟಗ ನಡದೈತಿ, ಅವ್ರದು ಯಾಕ ಕುಂತೈತಿ?”

ನನಗೆ ಉತ್ತರ ಬಾಯಲ್ಲೇ ಇತ್ತು. “ಏನಿಲ್ಲ, ಮಂದಿ ದುಡೀಬೇಕು. ಮೈ ಬಗ್ಗಿಸಿದ ದೇಶ ಮ್ಯಾಲ ಬರ್ತೈತಿ. ನನ್ನ ನೋಡು.”

“ಹಂಗಾದ್ರ ನನ್ನ ಎತ್ತು ಇಷ್ಟೊತ್ತಿಗೆ ಮಂತ್ರಿ ಆಗಬೇಕಿತ್ತು ಬಿಡು.”

ಬಾಯಾರು ಏನೆಂದು ಕೇಳಿದಳು. ಹೇಳಿದೆ. ಅವಳು ನಕ್ಕು ತಲೆಯಾಡಿಸಿದಳು. “ನನ್ನ ತಾಯಿ ಇವನ ದಂಡೆಯವಳು. ನನ್ನ ಸೋದರಮಾವಂದಿರು ನನಗಿಂತ ಹೆಚ್ಚು ದುಡಿಯುತ್ತಾರೆ. ಅವರ ಜೋಳವನ್ನು ಸರಕಾರ ಅಗ್ಗಕ್ಕೆ ಹಿಡಿದು ಗಣಿಯ ಊರಿಗೆ ಒಯ್ಯುತ್ತದೆ. ಅದಕ್ಕೇ ಈಗ ಹೊಟ್ಟೆಗೆ ಎಷ್ಟು ಬೇಕೋ ಅಷ್ಟೇ ಬಿತ್ತುತ್ತಾರೆ. ನಮ್ಮ ಮಂತ್ರಿಗಳೆಲ್ಲ ದನ ಸಾಕಿದವರು. ತಮ್ಮ ದನ ಪೇಟೆ ಮುಟ್ಟಲಿ ಅಂತ ರಸ್ತೆ ಮಾಡಿದರು, ನಮಗೂ ಆಯಿತು. ಅದರಲ್ಲಿ ದೊಡ್ಡ ಪುಣ್ಯವೇನಿಲ್ಲ.”

ಅಧಿಕಾರಿ ಸಿಡುಕಿದ. “ನಿಮ್ಮ ಗಣಿ ಸಿಕ್ಕಿದ್ದು ಬಿಳಿಯರು ಹೋದ ಮೇಲೆ. ನಮ್ಮದನ್ನು ಅವರೇ ಅಗೆದಿದ್ದರು. ನಾವು ಕುರ್ಚಿ ಹತ್ತುವಾಗ ಅದರ ಬೆಲೆ ಇಳಿಯಿತು. ನಿಮ್ಮದು ಸಣ್ಣ ದೇಶ. ನಮ್ಮ ನೆರೆಯಲ್ಲಿ ಯುದ್ಧ, ನಿರಾಶ್ರಿತರು ನಮ್ಮಲ್ಲಿ. ಅದನ್ನೂ ಹೇಳು.”

“ಅದೂ ಖರೆ,” ಅಂದಳು ಅವಳು. “ಅದಿಷ್ಟೂ ಖರೆ. ಆದರೆ ನಾನು ‘ಆಗಿಲ್ಲ’ ಅಂತ ಬರೆದರೆ ನನಗೆ ಏನೂ ಆಗುವುದಿಲ್ಲ. ಊರಿನ ಸಭೆಯಲ್ಲಿ ರೈತರು ಬಯ್ಯುತ್ತಾರೆ, ಅಷ್ಟೇ. ನಿನಗೆ?”

ಅವನು ಕೈಯಲ್ಲಿದ್ದ ಬೆಲ್ಲ ಕೆಳಗಿಟ್ಟ. ತನಗಿಂತ ಮುಂಚೆ ಈ ಕೆಲಸ ನೋಡುತ್ತಿದ್ದವನು ‘ತಡವಾಗುತ್ತದೆ’ ಅಂತ ಒಂದು ಪತ್ರ ಬರೆದು ಗಡಿಯ ಊರೊಂದರ ಉಗ್ರಾಣಕ್ಕೆ ವರ್ಗವಾದ ಅಂದ. ತನಗೆ ಮೂರು ಮಕ್ಕಳು ಅಂದ.

ದಾದಾ ಬದುವಿನ ಕಡೆ ಕೈ ಮಾಡಿ ಹೇಳಿದ: “ನಮ್ದೂ ಅದ ಕಥಿ. ಮಣ್ಣ ಒಂದ, ನೀರ ಒಂದ, ನಾವ ಒಂದ. ಆದ್ರ ಆಕಡಿ ಕಚೇರಿಗೆ ಹೋದ್ರ ಒಂದ ಥರಾ ಕೂಡ್ರಸ್ತಾರ, ಈಕಡಿ ಒಂದ ಥರಾ. ಯಾವುದು ಛಲೋ ಅಂತ ಕೇಳಬ್ಯಾಡ, ವರ್ಷಕ್ಕೊಮ್ಮೆ ಬದಲಾಕ್ಕೈತಿ.”

ನನ್ನ ಅಡ್ಡದಾರಿಯ ಮಾತನ್ನು ಅಲ್ಲೇ ತೆಗೆದೆ. ಬಾಯಾರು ಅಧಿಕಾರಿಯ ಮುಖ ನೋಡಿ, “ಇವನು ಕೇಳಿದರೆ ಕೊಡುತ್ತೇನೆ. ಆದರೆ ತನ್ನ ಕೈಯಿಂದ ಬರೆದು ಕೇಳಲಿ, ನನ್ನವು ತಯಾರಿಲ್ಲ, ನಿನ್ನವು ಕೊಡು ಅಂತ” ಅಂದಳು. ಬರೆದರೆ ಅದೇ ‘ಆಗಿಲ್ಲ’ ಆಯಿತಲ್ಲ. ಅವನು ಬರೆಯಲಿಲ್ಲ. “ಇದ್ದ ಹಾಗೇ ಕಳಿಸಿಬಿಡಿ. ನಾನು ಸಹಿ ಹಾಕುತ್ತೇನೆ” ಅಂತ ನನಗೆ ಹೇಳಿದ.

ಚಿಕ್ಕೋಡಿಗೆ ಬರುವ ದಾರಿಯುದ್ದಕ್ಕೂ ಅದನ್ನೇ ತೂಗಿದೆ. ಕರಾರಿನ ಪ್ರಕಾರ ಅವನ ಸಹಿ ಬಿದ್ದರೆ ನಾನು ಪಾರು. ಅರಗು ತುಂಬಿದ ರೋಲರು ಎರಡನೆಯ ಸುಗ್ಗಿಯಲ್ಲಿ ಸೀಳಲಿ, ಯಾರೂ ಚಿಕ್ಕೋಡಿಯವರೆಗೆ ಬಂದು ಕೇಳುವುದಿಲ್ಲ. ಆದರೆ ಓಡುವ ಗಾಣದೊಳಗೆ ರೋಲರು ಸೀಳಿದರೆ ಏನಾಗುತ್ತದೆ ಅಂತ ನಾನು ಪಾಲಬಾವಿಯಲ್ಲಿ ಕಣ್ಣಾರೆ ಕಂಡವನು. ಕಬ್ಬು ಒಡ್ಡುತ್ತಿದ್ದವನ ಮೂರು ಬೆರಳು ಹೋಗಿದ್ದವು. ಆ ಗಾಣ ನನ್ನದಲ್ಲ, ಆದರೂ ಆ ಸಪ್ಪಳ ಕಿವಿಯಲ್ಲಿತ್ತು.

ಮರುದಿನ ಬೆಳಿಗ್ಗೆ ಅಧಿಕಾರಿಯನ್ನು ಕರೆದು ಹೇಳಿದೆ: ಮಾಲು ಬಿಡುವುದಿಲ್ಲ, ಈ ಹಡಗು ತಪ್ಪಿದರೆ ಮುಂದಿನದು. ಒಂಬತ್ತೂ ರೋಲರು ನನ್ನ ಖರ್ಚಿನಲ್ಲಿ ಮತ್ತೆ ಹೊಯ್ಯಿಸುತ್ತೇನೆ. ತಪ್ಪು ತಯಾರಕನದು, ತಪ್ಪು ಅನುವಾದವೂ ತಯಾರಕನದು ಅಂತ ನನ್ನ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಡುತ್ತೇನೆ. ನೀವು ಅದರ ಕೆಳಗೆ ‘ನೋಡಿದೆ, ನಿಜ’ ಅಂತ ಎರಡು ಮಾತು ಬರೆಯಿರಿ. ನಾನು ಎಷ್ಟೋ ಮಂದಿಯೊಡನೆ ಚೌಕಾಸಿ ಮಾಡಿದ್ದೇನೆ, ಎರಡು ಮಾತಿಗೆ ಇಷ್ಟು ಹೊತ್ತು ಹಿಡಿದ ವ್ಯವಹಾರ ಬೇರೆ ಇಲ್ಲ. ಊಟದ ಹೊತ್ತಿಗೆ ಅವನು ಪೆನ್ನು ತೆಗೆದ. ಬರೆದ ಮೇಲೆ ಕುರ್ಚಿಯ ಮೇಲೆ ಕೂರಲಿಲ್ಲ, ಕಾಕಾರ ಬಳಿ ಹೋಗಿ ಎಣ್ಣೆಯ ಬಟ್ಟೆ ಇಸಿದುಕೊಂಡು ತಾನೇ ರೋಲರು ಒರೆಸತೊಡಗಿದ. ಆಮೇಲಿನ ಎರಡು ವಾರ ಅವನಿಗೆ ಆದೇಶದ ನೆನಪಿರಲಿಲ್ಲ. ಗಡಿ ದಾಟಿ ಫೌಂಡ್ರಿಯಲ್ಲಿ ನಿಂತ, ಅಲ್ಲಿಯವರೊಡನೆ ಕೈಸನ್ನೆಯಲ್ಲೇ ಜಗಳಾಡಿದ. ಏಳು ರೋಲರು ಪಾಸು ಮಾಡಿದ, ಎರಡನ್ನು ಮತ್ತೆ ಕರಗಿಸಿದ.

ಮೂರನೆಯ ವಾರ ಅವನಿಗೆ ವಾಪಸು ಬರಲು ತಂತಿ ಬಂತು. ಅವನ ಜಾಗಕ್ಕೆ ಬಂದವನು ವರ್ಕ್‌ಶಾಪಿನ ಒಳಗೂ ಬರಲಿಲ್ಲ, ಮುಂಬಯಿಯಲ್ಲೇ ಏಜೆಂಟನ ಮೇಜಿನ ಮೇಲೆ ಸಹಿ ಹಾಕಿದ. ಹನ್ನೆರಡು ಗಾಣ, ಒಂದೇ ಎರಕ, ಒಂದೇ ಪರೀಕ್ಷೆ, ನಿಪ್ಪಾಣಿ ಹಾದು ಮುಂಬಯಿಗೆ ಹೋದವು. ಇವೂ ಅವೂ ಈಗ ಸಮ ಅಂತ ಅವತ್ತು ನಾನು ತಿಳಿದೆ. ಒಳ್ಳೆಯ ಮಾಲು ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ ಅಂತ ನಾನು ಆವರೆಗೆ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದೆ.

ಎರಡು ಸುಗ್ಗಿ ಕಳೆದ ಮೇಲೆ ಬಾಯಾರ ಪತ್ರ ಬಂತು. ಆರೂ ಓಡುತ್ತಿವೆ, ಏಳನೆಯದನ್ನು ನನ್ನ ಡ್ರಾಯಿಂಗ್ ನೋಡಿ ಅಲ್ಲೇ ಮಾಡಿಕೊಂಡಿದ್ದಾರೆ. ಅಂದರೆ ಮುಂದಿನ ಆರ್ಡರ್ ನನ್ನ ಕೈ ತಪ್ಪಿತು. ಅದಕ್ಕೆ ಬೇಸರ ಪಟ್ಟೆ ಅಂತ ಸುಳ್ಳಿಲ್ಲದೆ ಹೇಳುತ್ತೇನೆ. ಅಧಿಕಾರಿ ಈಗ ಒಂದು ಶಾಲೆಯಲ್ಲಿ ಲೆಕ್ಕ ಕಲಿಸುತ್ತಾನೆ. ಅವನ ದೇಶದ ಆರು ಗಾಣ ನದಿಯಾಚೆಯ ರೈಲ್ವೆ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚದೆ ನಿಂತಿವೆ, ಸೋದರಮಾವನ ಮನೆಗೆ ಹೋದಾಗ ಹಲಗೆಯ ಸಂದಿನಿಂದ ನಾನೇ ನೋಡಿದೆ, ಗ್ರೀಸ್ ಕೂಡ ಒಣಗಿಲ್ಲ ಅಂತ ಬರೆದಿದ್ದಳು.

ನಾನು ಸುಮ್ಮನಿರುವವನಲ್ಲ. ಅವಳ ಕಡೆ ಗಾಣಗಳನ್ನು ನಡೆಸುತ್ತಿದ್ದ ರೈತಸಂಘ ಆ ಆರನ್ನು ಕೊಳ್ಳಲಿ, ಜೋಡಿಸಲು ಬೇಕಾದ ಬುಶ್‌ಗಳನ್ನು ನಾನು ಪುಕ್ಕಟೆ ಕಳಿಸುತ್ತೇನೆ, ನಡುವೆ ನನಗೆ ಏನೂ ಬೇಡ ಅಂತ ಎರಡೂ ಕಡೆ ಬರೆದೆ. ಸಂಘ ಹೂಂ ಅಂದಿತು. ಆ ಮಂತ್ರಾಲಯಕ್ಕೆ ನಾಲ್ಕು ಪತ್ರ ಹಾಕಿದೆ, ಗೋದಾಮಿನ ಊರು, ಪೆಟ್ಟಿಗೆಯ ನಂಬರು ಎಲ್ಲ ಬರೆದು. ನಾಲ್ಕನೆಯದಕ್ಕೆ ಉತ್ತರ ಬಂತು. ಒಳ್ಳೆಯ ಕಾಗದ, ಮೇಲೆ ಮುದ್ರೆ. ನಮ್ಮ ದಾಖಲೆಗಳ ಪ್ರಕಾರ ಸದರಿ ಆರು ಗಾಣಗಳು ಸ್ಥಾಪನೆಗೊಂಡು ತೃಪ್ತಿಕರವಾಗಿ ನಡೆಯುತ್ತಿರುವುದರಿಂದ, ಅವುಗಳನ್ನು ಮಾರುವ ಪ್ರಶ್ನೆ ಉದ್ಭವಿಸುವುದಿಲ್ಲ.